ವಲಸೆ, ಆಚರಣೆ ಮತ್ತು ವೃದ್ಧಾಪ್ಯ: ಉಡುಪಿ ಪರಿಸರವನ್ನು ಕುರಿತು

1. ಪ್ರವೇಶ

ಕರಾವಳಿಯ ವಲಸೆಯನ್ನು ಕುರಿತ ನಮ್ಮ ಬರಹಗಳು ಬಹುಮಟ್ಟಿಗೆ ಊರು ಬಿಟ್ಟು ಹೋದವರನ್ನು ಕುರಿತವು. ಮುಂಬಯಿಯ ಹೋಟೆಲು, ರಾತ್ರಿಶಾಲೆ, ಸಂಘಸಂಸ್ಥೆ, ಕೊಲ್ಲಿ ರಾಷ್ಟ್ರಗಳ ದುಡಿಮೆ ಇವುಗಳ ಚರಿತ್ರೆ ಒಂದಿಷ್ಟು ದಾಖಲಾಗಿದೆ. ಆದರೆ ಅದೇ ಚರಿತ್ರೆಗೆ ಇನ್ನೊಂದು ಮಗ್ಗುಲಿದೆ. ಹೋದವರು ಹೋದಲ್ಲಿಯೇ ಮುದುಕರಾದರು. ಅವರನ್ನು ಕಳುಹಿಸಿಕೊಟ್ಟವರು ಊರಿನಲ್ಲಿಯೇ ಮುದುಕರಾದರು. ಈ ಎರಡು ವೃದ್ಧಾಪ್ಯಗಳನ್ನು ಇಂದಿಗೂ ಜೋಡಿಸಿರುವ ಎಳೆಗಳಲ್ಲಿ ಹಬ್ಬ, ನೇಮ, ಉತ್ಸವಗಳು ಮುಖ್ಯವಾದವು. ಇಂತಹ ಆಚರಣೆಗಳು ವೃದ್ಧರಿಗೆ ಏನನ್ನು ಕೊಡುತ್ತವೆ, ಯಾವಾಗ ಕೊಡುತ್ತವೆ, ಎಲ್ಲಿ ಕೈಬಿಡುತ್ತವೆ ಎಂಬುದನ್ನು ಉಡುಪಿ, ಮಣಿಪಾಲ, ಕಾಪು ಹಾಗೂ ಕಾರ್ಕಳ ಪರಿಸರವನ್ನು ಆಧರಿಸಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಹೋದವರು ಮತ್ತು ಉಳಿದವರು

2011ರ ಜನಗಣತಿಯಂತೆ ಉಡುಪಿ ಜಿಲ್ಲೆಯಲ್ಲಿ ಪ್ರತಿ 1000 ಪುರುಷರಿಗೆ 1094 ಮಹಿಳೆಯರಿದ್ದರು. ಅದೇ ವೇಳೆಗೆ ಕರ್ನಾಟಕದ ಸರಾಸರಿ 973. ಮಹಿಳೆಯರ ಆಯುಷ್ಯ ಹೆಚ್ಚು ಎಂಬುದು ಈ ಅಂತರಕ್ಕೆ ಒಂದು ಕಾರಣವಾದರೆ, ದುಡಿಯುವ ವಯಸ್ಸಿನ ಗಂಡಸರು ಹೊರಗಿರುವುದು ಇನ್ನೊಂದು ಕಾರಣ. ಈ ಎರಡು ಕಾರಣಗಳೂ ಸೇರಿದಾಗ ದೊರೆಯುವ ಚಿತ್ರವೆಂದರೆ ಊರಿನ ಮನೆಯಲ್ಲಿ ಉಳಿದಿರುವ ವಯಸ್ಸಾದ ತಾಯಿಯದು.

ಮುಂಬಯಿಗೆ ಹೋದವರು ಬಹುಬೇಗ ತಮ್ಮದೇ ಸಂಸ್ಥೆಗಳನ್ನು ಕಟ್ಟಿಕೊಂಡರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ ಸ್ಥಾಪನೆಯಾದವು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದ ಹುಡುಗರ ತಲೆಮಾರಿಗೆ ಇಂತಹ ಸಂಘಗಳು ಊರಿನ ಬದಲಿಗೆ ನಿಂತ ಊರುಗಳಾಗಿದ್ದವು. ಹಡಗು, ಘಟ್ಟದ ದಾರಿಯ ಬಸ್ಸುಗಳ ಕಾಲದಲ್ಲಿ ವರ್ಷಕ್ಕೊಮ್ಮೆ ಊರಿಗೆ ಬರುವುದೇ ದೊಡ್ಡ ಮಾತಾಗಿತ್ತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಮುಂಬಯಿ ಒಂದು ರಾತ್ರಿಯ ಪಯಣದಷ್ಟು ಹತ್ತಿರವಾಯಿತು. ಕೊಲ್ಲಿ ರಾಷ್ಟ್ರಗಳಿಗೆ ಹೋದವರ ಸ್ಥಿತಿ ಬೇರೆ. ಅಲ್ಲಿನ ವಾಸ ಸಾಮಾನ್ಯವಾಗಿ ಉದ್ಯೋಗದ ಪರವಾನಿಗೆಗೆ ಬದ್ಧವಾದುದರಿಂದ ದುಡಿಮೆ ಮುಗಿದ ಮೇಲೆ ಹೆಚ್ಚಿನವರು ಮರಳಲೇಬೇಕು. ಹೀಗಾಗಿ ಮುಂಬಯಿಯವರಿಗೆ ಎಲ್ಲಿ ಮುದುಕರಾಗುವುದು ಎಂಬ ಆಯ್ಕೆ ಇದೆ. ಕೊಲ್ಲಿಯವರಿಗೆ ಆ ಆಯ್ಕೆ ವಿರಳ.

3. ಆಯುಷ್ಯವನ್ನು ಅಳೆಯುವ ಪಂಚಾಂಗ

ಈ ಪರಿಸರದ ಆಚರಣೆಗಳಿಗೆ ತಮ್ಮದೇ ಆದ ಆವರ್ತನವಿದೆ. ಕಾಪುವಿನ ಮೂರು ಮಾರಿಗುಡಿಗಳಲ್ಲಿ ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಬಾರಿ ಮಾರಿಪೂಜೆ ನಡೆಯುತ್ತದೆ. ಉಡುಪಿಯ ಅಷ್ಟಮಠಗಳಲ್ಲಿ ಶ್ರೀಕೃಷ್ಣನ ಪೂಜಾಧಿಕಾರವು ಎರಡು ವರ್ಷಗಳಿಗೊಮ್ಮೆ ಕೈಬದಲಾಗುತ್ತದೆ. ಒಂದು ಮಠದ ಸರದಿ ಮರಳಿ ಬರಲು 16 ವರ್ಷಗಳು ಬೇಕು. 1432ರಲ್ಲಿ ಸ್ಥಾಪಿತವಾದ, 42 ಅಡಿ ಎತ್ತರದ ಕಾರ್ಕಳದ ಗೊಮ್ಮಟನಿಗೆ ಸುಮಾರು ಹನ್ನೆರಡು ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕವಾಗುತ್ತದೆ. 2002 ಹಾಗೂ 2015ರಲ್ಲಿ ಅದು ನಡೆದಿತ್ತು.

ಈ ಆವರ್ತನಗಳು ಮನುಷ್ಯನ ವಯಸ್ಸಿಗೆ ಅಳತೆಗೋಲಾಗುತ್ತವೆ. ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥರು 1952, 1968, 1984, 2000 ಮತ್ತು 2016ರಲ್ಲಿ ಸರ್ವಜ್ಞ ಪೀಠವನ್ನೇರಿ ಐದು ಪರ್ಯಾಯಗಳನ್ನು ನಡೆಸಿದರು. ಐದನೆಯದು ಆರಂಭವಾದಾಗ ಅವರ ವಯಸ್ಸು 84. ಯತಿಗಳ ವಿಷಯದಲ್ಲಿ ಎದ್ದು ಕಾಣುವ ಈ ಲೆಕ್ಕಾಚಾರವು ಜನಸಾಮಾನ್ಯರ ಬದುಕಿಗೂ ಅನ್ವಯಿಸುತ್ತದೆ. ಕಾರ್ಕಳದ ಅಭಿಷೇಕವನ್ನು ಐದು ಸಲ ಕಂಡವರೆಂದರೆ ಐವತ್ತರ ಹತ್ತಿರವಾದರೂ ಬಂದವರೆಂದೇ ಅರ್ಥ. ಇಲ್ಲಿ ವಯಸ್ಸೆಂಬುದು ಕಳೆದುಕೊಂಡ ವರ್ಷಗಳ ಮೊತ್ತವಾಗಿರದೆ, ಕಂಡು ಉಳಿಸಿಕೊಂಡುದರ ಮೊತ್ತವಾಗುತ್ತದೆ. ಮುಂದಿನ ಸಲ ಹೇಗೆ ನಡೆಸಬೇಕೆಂಬ ಪ್ರಶ್ನೆ ಬಂದಾಗ ಕಳೆದ ಸಲ ಕಂಡವರನ್ನೇ ಕೇಳಬೇಕಾಗುತ್ತದೆ.

ಸಿದ್ಧತೆಯ ಕಾಲವೂ ಅಷ್ಟೇ ಮುಖ್ಯವಾದುದು. ಪರ್ಯಾಯಕ್ಕೆ ಮೊದಲು ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂಬ ನಾಲ್ಕು ಮುಹೂರ್ತಗಳು ನಡೆಯುತ್ತವೆ. ಊರೂರುಗಳಿಂದ ಹೊರೆಕಾಣಿಕೆ ಸೇರುತ್ತದೆ. ಒಂದು ದಿನದ ಸಂಭ್ರಮದ ಹಿಂದೆ ಹೀಗೆ ಅನೇಕ ತಿಂಗಳುಗಳ ಕೆಲಸವಿರುತ್ತದೆ. ಒಂಟಿತನದ ವೃದ್ಧಾಪ್ಯದಲ್ಲಿ ಅತ್ಯಂತ ಕೊರತೆಯಾಗುವುದು ಮುಂದೆ ಮಾಡಲೇಬೇಕಾದ ಕೆಲಸವೊಂದಿದೆ ಎಂಬ ಭಾವನೆ. ಆ ಕೊರತೆಯನ್ನು ತುಂಬುವ ಶಕ್ತಿ ಉತ್ಸವದ ದಿನಕ್ಕಿಂತಲೂ ಅದರ ಸಿದ್ಧತೆಗೆ ಹೆಚ್ಚಾಗಿದೆ.

4. ಸನ್ಮಾನ ಮತ್ತು ಹೊಣೆ

ಆಚರಣೆಯಲ್ಲಿ ಹಿರಿಯರಿಗೆ ದೊರೆಯುವ ಸ್ಥಾನವನ್ನು ಎರಡು ಬಗೆಯಾಗಿ ವಿಂಗಡಿಸಬಹುದು: ಸನ್ಮಾನ ಮತ್ತು ಹೊಣೆ. ಕುಟುಂಬದ ಮನೆಯ ನೇಮದಲ್ಲಿ ದೈವದ ಪಾತ್ರ ವಹಿಸುವವರಿಗೆ ಎಣ್ಣೆಬೂಳ್ಯ ನೀಡಬೇಕಾದವರು ಮನೆಯ ಹಿರಿಯರು. ದೈವವು ನುಡಿ ಕೊಡುವಾಗ ಎದುರು ನಿಂತು ಕುಟುಂಬದ ಪರವಾಗಿ ಅರಿಕೆ ಮಾಡುವವರೂ ಅವರೇ. ಮುಂಬಯಿಯಲ್ಲಿ ಎಷ್ಟೇ ದೊಡ್ಡ ಉದ್ಯಮ ನಡೆಸುವ ಅಳಿಯನಾದರೂ ಆ ಹೊತ್ತಿಗೆ ಮಾವನ ಹಿಂದೆ ನಿಲ್ಲಬೇಕು. ಅಳಿಯಸಂತಾನದ ಆಸ್ತಿಪದ್ಧತಿ 1949ರ ಮದರಾಸು ಅಳಿಯಸಂತಾನ ಕಾಯಿದೆ ಹಾಗೂ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳಿಂದ ಬಹಳ ಮಾರ್ಪಟ್ಟಿತು. ಆಸ್ತಿ ಪಾಲಾದ ಮೇಲೂ ಹಿರಿತನದ ಈ ಕ್ರಮ ದೈವದ ಕಳದಲ್ಲಿ ಉಳಿದುಬಂದಿದೆ.

ಹೊಸ ಅಕ್ಕಿ ಊಟದಲ್ಲಿಯೂ ಇದೇ ಬಗೆಯ ಕ್ರಮವನ್ನು ಕಾಣಬಹುದು. ಮೊದಲ ತುತ್ತಿಗೆ ಮುನ್ನ ಕಿರಿಯರು ಹಿರಿಯರ ಅನುಮತಿ ಕೇಳುವ ರೂಢಿ ಅನೇಕ ಮನೆಗಳಲ್ಲಿದೆ. ಕೊಂಕಣಿ ಕ್ರೈಸ್ತರು ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಹಬ್ಬದಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಹಿರಿಯರ ಮುಂದಾಳುತನದಲ್ಲಿ ಪ್ರಾರ್ಥಿಸಿ, ಅದರ ಕಾಳುಗಳನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ದೂರದಲ್ಲಿರುವ ಮಕ್ಕಳಿಗೆ ಆ ಕಾಳುಗಳನ್ನು ಅಂಚೆಯಲ್ಲಿ ಕಳುಹಿಸುವ ವಾಡಿಕೆಯೂ ಇದೆ. ಮಕ್ಕಳಿಂದ ಹಣ ಪಡೆಯುವ ತಾಯಿ ಆ ಒಂದು ದಿನ ಕೊಡುವವಳಾಗುತ್ತಾಳೆ. ಈ ಅದಲುಬದಲು ಸಣ್ಣದಾಗಿ ಕಂಡರೂ ಸಣ್ಣದಲ್ಲ.

ಇನ್ನು ಆಟಿ ತಿಂಗಳ ಸ್ಥಿತ್ಯಂತರವನ್ನು ಗಮನಿಸಬೇಕು. ತುಳುನಾಡಿನಲ್ಲಿ ಆಟಿ ಮೂಲತಃ ಹಬ್ಬದ ತಿಂಗಳಲ್ಲ. ಎಡೆಬಿಡದ ಮಳೆ ಮತ್ತು ಬರಿದಾದ ಕಣಜದ ತಿಂಗಳು. ತಜಂಕು, ಕಣಿಲೆ, ಪತ್ರೊಡೆಗಳು ಬಡತನದ ಕಾಲದ ಜಾಣ್ಮೆಯಿಂದ ಹುಟ್ಟಿದ ಆಹಾರಗಳು. ಇಂದು ಮುಂಬಯಿಯಲ್ಲಿ, ಕೊಲ್ಲಿಯ ನಗರಗಳಲ್ಲಿ ಅವೇ ಆಹಾರಗಳನ್ನು ಬಡಿಸಿ ಆಟಿಯ ಕೂಟಗಳನ್ನು ನಡೆಸಲಾಗುತ್ತದೆ. ಇದನ್ನು ಕೇವಲ ಹಂಬಲವೆಂದು ತಳ್ಳಿಹಾಕುವಂತಿಲ್ಲ. ಆದರೆ ಇಂತಹ ಕೂಟದಲ್ಲಿ ಹಿರಿಯರು ಎಲ್ಲಿರುತ್ತಾರೆ ಎಂಬುದು ಪ್ರಶ್ನೆ. ಅಡುಗೆಯನ್ನು ಗುತ್ತಿಗೆಗೆ ಕೊಟ್ಟು, ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಶಾಲು ಹೊದಿಸಿ ಹಾರ ಹಾಕಿದರೆ ಅದು ಸನ್ಮಾನವಾಗುತ್ತದೆ. ಶಾಲು ಮನೆಗೆ ಬಂದ ಮೇಲೆ ಕಪಾಟು ಸೇರುತ್ತದೆ.

ಊರಿನ ಆಟಿ ಅಮಾವಾಸ್ಯೆಯಲ್ಲಿ ಹೀಗಾಗುವುದಿಲ್ಲ. ಸೂರ್ಯೋದಯಕ್ಕೆ ಮೊದಲು ಹಾಲೆ ಮರದ ತೊಗಟೆಯನ್ನು ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತಂದು, ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಕಷಾಯ ಮಾಡಿ ಬರಿಹೊಟ್ಟೆಗೆ ಕುಡಿಯುವ ಪದ್ಧತಿಯಿದೆ. ಕತ್ತಲಲ್ಲಿ ಮರವನ್ನು ತಪ್ಪಿ ಗುರುತಿಸಿದರೆ ಪ್ರಾಣಕ್ಕೇ ಅಪಾಯ. ಕಾಸರಕದಂತಹ ವಿಷದ ಮರಗಳೂ ಈ ನೆಲದಲ್ಲಿ ಬೆಳೆಯುತ್ತವೆ. ಹಾಗಾಗಿ ಮರವನ್ನು ಬಲ್ಲ ಹಿರಿಯರಿಲ್ಲದೆ ಆಚರಣೆಯೇ ಸಾಗದು. ಹಿರಿಯರನ್ನು ಗೌರವಿಸುವ ಆಚರಣೆಗೂ ಹಿರಿಯರು ಬೇಕೇಬೇಕಾದ ಆಚರಣೆಗೂ ಇರುವ ವ್ಯತ್ಯಾಸ ಇಲ್ಲಿದೆ.

ಹೊಣೆಯುಳ್ಳ ವೃದ್ಧಾಪ್ಯಕ್ಕೆ ಹಿರಿಯಡಕ ಗೋಪಾಲರಾಯರು ಉತ್ತಮ ನಿದರ್ಶನ. 1919ರಲ್ಲಿ ಹುಟ್ಟಿದ ಈ ಮದ್ದಳೆಗಾರರು ಮೇಳದ ತಿರುಗಾಟದ ನಂತರ ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಗುರುಗಳಾದರು. ಅಮೆರಿಕದ ಮಾರ್ತಾ ಆಷ್ಟನ್ ಅವರಂತಹ ಸಂಶೋಧಕರಿಗೆ ಯಕ್ಷಗಾನವನ್ನು ತಿಳಿಸಿಕೊಟ್ಟರು. ನೂರು ತುಂಬಿದ ಮೇಲೆ 2020ರಲ್ಲಿ ನಿಧನರಾದರು. ಪ್ರಶಸ್ತಿಗಳು ಅವರನ್ನು ಗೌರವಿಸಿದವು. ಅವರನ್ನು ಬೇಕಾದವರನ್ನಾಗಿ ಉಳಿಸಿದ್ದು ಮಾತ್ರ ಕಲಿಯಲು ಬಂದ ಶಿಷ್ಯರು.

5. ಮಿತಿಗಳು

ಆಚರಣೆಯ ಈ ಶಕ್ತಿಯನ್ನು ಹಿಗ್ಗಿಸಿ ಹೇಳುವುದು ಸರಿಯಲ್ಲ. ಮೊದಲನೆಯದಾಗಿ, ನೇಮ ಒಂದು ರಾತ್ರಿಯದು; ವೃದ್ಧಾಪ್ಯ ವರ್ಷಪೂರ್ತಿಯದು. ಮಕ್ಕಳು ಬಂದು ಹೋದ ಮೇಲಿನ ಮನೆ ಬರುವ ಮೊದಲಿನ ಮನೆಗಿಂತಲೂ ಹೆಚ್ಚು ಬರಿದಾಗಿ ಕಾಣುವುದುಂಟು. ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹೊರನಾಡಿನಿಂದ ಉದಾರವಾಗಿ ಹರಿದುಬರುವ ಹಣದಲ್ಲಿ ಸ್ವಲ್ಪ ಪಾಲಾದರೂ ಅದೇ ಊರಿನ ಒಂಟಿ ವೃದ್ಧರ ದಿನನಿತ್ಯದ ಆರೈಕೆಗೆ ಸಲ್ಲುವಂತಾಗಬೇಕು.

ಎರಡನೆಯದಾಗಿ, ವೈದ್ಯಕೀಯದ ಅಗತ್ಯವು ಹಿರಿಯರನ್ನು ಆಚರಣೆಯ ನೆಲೆಯಿಂದಲೇ ಕೀಳಬಲ್ಲದು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ಮಣಿಪಾಲವು ಇಡೀ ಕರಾವಳಿಯ ಆಸ್ಪತ್ರೆಯಾಗಿ ಬೆಳೆಯಿತು. ದೂರದ ಮಕ್ಕಳಿಗೆ ಇದು ದೊಡ್ಡ ಧೈರ್ಯ. ಆದರೆ ಆಸ್ಪತ್ರೆಯ ಸಮೀಪವಿರಲೆಂದು ಕಾರ್ಕಳದ ಅಥವಾ ಕಾಪುವಿನ ಹಳ್ಳಿಮನೆಗೆ ಬೀಗ ಹಾಕಿ ಮಣಿಪಾಲದ ಫ್ಲ್ಯಾಟಿಗೆ ಬಂದು ನೆಲೆಸುವ ವೃದ್ಧ ದಂಪತಿಗಳದೂ ಒಂದು ವಲಸೆಯೇ. ಕಾಪು ಉಡುಪಿಯಿಂದ ಸುಮಾರು 13 ಕಿಲೋಮೀಟರು ಮಾತ್ರ. ಆದರೂ ಸಂಜೆ ದೈವದ ಚಾವಡಿಯಲ್ಲಿ ದೀಪವಿಡುವ ಕೆಲಸ ಅಷ್ಟು ದೂರದಿಂದ ನಡೆಯದು. ದೇಹಕ್ಕೆ ಭದ್ರತೆ ದೊರೆತಾಗ ಹೊಣೆ ಕೈತಪ್ಪುತ್ತದೆ.

ಮೂರನೆಯದು ಹೆಚ್ಚು ಗಂಭೀರವಾದುದು. ಆಚರಣೆಯು ಎಲ್ಲರಿಗೂ ಸಮನಾದ ವೃದ್ಧಾಪ್ಯವನ್ನು ನೀಡುವುದಿಲ್ಲ. ನೇಮದ ಅಧಿಕೃತ ಹಿರಿತನ ಬಹುಪಾಲು ಗಂಡಸರದು. ನಾಟಿಗದ್ದೆಯಲ್ಲಿ ಪಾಡ್ದನ ಹೇಳುತ್ತಿದ್ದ ಹೆಂಗಸರ ಜ್ಞಾನಕ್ಕೆ ಗದ್ದೆಗಳು ಹಡೀಲು ಬಿದ್ದಂತೆ ನೆಲೆಯೇ ಇಲ್ಲವಾಯಿತು. ದೈವದ ಪಾತ್ರ ವಹಿಸುವ ಪಂಬದ, ನಲಿಕೆ, ಪರವ ಸಮುದಾಯದವರು ಭಾರವಾದ ಅಣಿ ಹೊತ್ತು ರಾತ್ರಿಯಿಡೀ ಕುಣಿಯುತ್ತಾರೆ. ಆ ದುಡಿಮೆಗೆ ದೇಹ ಬೇಗ ಸವೆಯುತ್ತದೆ. ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನವನ್ನು ರಾಜ್ಯ ಸರ್ಕಾರ ಘೋಷಿಸಿದ್ದು 2022ರ ಅಕ್ಟೋಬರಿನಲ್ಲಿ. ಇತರರ ಕುಟುಂಬಗಳ ಹಿರಿತನವನ್ನು ರಾತ್ರಿಯಿಡೀ ಎತ್ತಿಹಿಡಿದವರ ವೃದ್ಧಾಪ್ಯ ಅದಕ್ಕಿಂತ ಮೊದಲು ಯಾರ ಹೊಣೆಯಾಗಿತ್ತು ಎಂದು ಕೇಳಿಕೊಳ್ಳಬೇಕು.

6. ಸಮಾರೋಪ

2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯು ಮಕ್ಕಳಿಂದ ಜೀವನಾಂಶ ಪಡೆಯುವ ಹಕ್ಕನ್ನು ಹಿರಿಯರಿಗೆ ನೀಡಿದೆ. ಕಾನೂನು ಅನ್ನವನ್ನೂ ಔಷಧವನ್ನೂ ಕೊಡಿಸಬಲ್ಲದು; ಬೇಕಾದವರಾಗಿರುವ ಭಾವನೆಯನ್ನು ಕೊಡಿಸಲಾರದು. ಅದನ್ನು ಕೊಡಬಲ್ಲ ಕ್ರಮಗಳು ನಮ್ಮ ಆಚರಣೆಗಳ ಒಳಗೇ ಇವೆ ಎಂಬುದು ಮೇಲಿನ ವಿವೇಚನೆಯಿಂದ ತಿಳಿದುಬರುತ್ತದೆ. ಆದುದರಿಂದ ಮುಂಬಯಿಯಲ್ಲಾಗಲಿ, ದುಬಾಯಿಯಲ್ಲಾಗಲಿ, ಕಾಪುವಿನಲ್ಲಾಗಲಿ ಉತ್ಸವವೊಂದನ್ನು ನಡೆಸುವವರು ಎಷ್ಟು ಹಿರಿಯರನ್ನು ಸನ್ಮಾನಿಸಿದೆವು ಎಂದು ಲೆಕ್ಕ ಹಾಕುವುದರ ಜೊತೆಗೆ, ಯಾವ ಕೆಲಸಗಳು ಹಿರಿಯರಿಲ್ಲದೆ ನಿಂತುಹೋಗುತ್ತಿದ್ದವು ಎಂದೂ ಲೆಕ್ಕ ಹಾಕುವುದು ಒಳ್ಳೆಯದು. ಅಂತಹ ಕೆಲಸಗಳ ಪಟ್ಟಿಯನ್ನು ಊರೂರಿನಲ್ಲಿ ಸಂಗ್ರಹಿಸುವುದು, ಅದರಲ್ಲಿಯೂ ಹೆಂಗಸರ ಮತ್ತು ದೈವನರ್ತಕ ಸಮುದಾಯಗಳ ಹಿರಿಯರ ತಿಳಿವಳಿಕೆಯನ್ನು ಅವರ ಜೀವಿತಕಾಲದಲ್ಲಿಯೇ ದಾಖಲಿಸುವುದು, ಕನ್ನಡ ಮತ್ತು ತುಳು ಅಧ್ಯಯನ ಮಾಡುವವರ ಮುಂದಿರುವ ತುರ್ತು ಕರ್ತವ್ಯವಾಗಿದೆ.