ಅಣಬೆಗೆ ಮುನ್ನ ಆಯಿಯನ್ನು ಕೇಳಬೇಕಾದ ಮಾತು

ಮುಂಗಾರಿನ ಒಂದೆರಡು ಮಳೆ ಸುರಿದರೆ ಸಾಕು, ತಿಕೋಟಾ, ಬಬಲೇಶ್ವರ ಸುತ್ತಿನ ತಿಪ್ಪೆಗಳ ಮೇಲೆ ನಾಯಿಕೊಡೆಗಳು ಏಳುತ್ತವೆ. ಸಣಕಲು ಕಾಲು, ತೆಳ್ಳನೆಯ ಟೋಪಿ, ಮುಟ್ಟಿದರೆ ಮುರಿಯುವಷ್ಟು ಮೆತ್ತಗೆ. ಮಕ್ಕಳು ಕೋಲಿನಿಂದ ಬಡಿದು ಆಡುತ್ತಾರೆ. ದೊಡ್ಡವರು "ಮುಟ್ಟಬ್ಯಾಡ್ರೋ, ವಿಷ ಇರ್ತಾವು" ಎಂದು ಗದರುತ್ತಾರೆ. ಹಾಗೆ ಗದರಿಸಿಕೊಂಡು ಬೆಳೆದ ಹುಡುಗ ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋದ ಮೇಲೆ ಅವನ ಮೊಬೈಲಿಗೆ ಬೇರೊಂದು ಅಣಬೆಯ ಸುದ್ದಿ ಬರುತ್ತದೆ. ಜಮೈಕಾದ ಕಡಲ ದಂಡೆ, ನೆದರ್ಲೆಂಡ್ಸ್‌ನ ತೋಟದ ಮನೆ, ಬಿಳಿ ಹಾಸಿಗೆ, ಪಕ್ಕದಲ್ಲಿ ಕೂತ ಮಾರ್ಗದರ್ಶಕ. ಸಿಲೋಸೈಬಿನ್ ಎಂಬ, ಮನಸ್ಸಿನ ಸ್ಥಿತಿ ಬದಲಿಸುವ ವಸ್ತು ಇರುವ ಅಣಬೆ ('ಮ್ಯಾಜಿಕ್ ಮಶ್ರೂಮ್') ತಿಂದು ಮನಸ್ಸಿನ ಗಾಯ ಮಾಯಿಸಿಕೊಳ್ಳುವ ಶಿಬಿರವಂತೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆಂದು ವಿಜಯಪುರಕ್ಕೆ ಬಂದವನು ಗೆಳೆಯರ ಮುಂದೆ ಹೇಳುವ ಮಾತು ಹೀಗಿರುತ್ತದೆ: "ನೈಸರ್ಗಿಕ ಐತಿ, ಗೈಡ್ ಇರ್ತಾರ, ಕೋರ್ಟೂ ಒಪ್ಪೈತಿ. ಏನೂ ಆಗಂಗಿಲ್ಲ."

ಈ ಒಂದು ಮಾತಿನಲ್ಲಿ ಹಲವು ನಂಬಿಕೆಗಳು ಗಂಟು ಹಾಕಿಕೊಂಡಿವೆ. ಬಿಡಿಸಿ ನೋಡಬೇಕು. ಇದರ ಮೇಲೆ ಆಸೆ ಇಟ್ಟುಕೊಂಡವರಲ್ಲಿ ಹಲವರು ಮೋಜಿಗೆ ಹೊರಟವರಲ್ಲ, ವರ್ಷಗಟ್ಟಲೆ ಖಿನ್ನತೆಯಲ್ಲಿ ನರಳಿ ಸೋತವರು.

ಮೊದಲು ಕೋರ್ಟಿನ ಮಾತು. 2025ರ ಜನವರಿಯಲ್ಲಿ ಕೇರಳ ಹೈಕೋರ್ಟ್ ಒಂದು ಜಾಮೀನು ಆದೇಶ ಕೊಟ್ಟಿತು. ಆರೋಪಿಯ ಬಳಿ 226 ಗ್ರಾಂ ಮ್ಯಾಜಿಕ್ ಮಶ್ರೂಮ್ ಮತ್ತು 50 ಗ್ರಾಂ ಅಣಬೆ ಕ್ಯಾಪ್ಸೂಲ್ ಸಿಕ್ಕಿದ್ದವು. ಕರ್ನಾಟಕ ಮತ್ತು ಮದ್ರಾಸ್ ಹೈಕೋರ್ಟ್‌ಗಳ ಹಿಂದಿನ ನಿಲುವನ್ನು ಒಪ್ಪಿದ ನ್ಯಾಯಾಲಯ, ಅಣಬೆ ತಾನಾಗಿ ಬೆಳೆಯುವ ಶಿಲೀಂಧ್ರ, ಅದನ್ನು ಮಾದಕ ವಸ್ತುವಿನ 'ಮಿಶ್ರಣ' ಎಂದು ಎಣಿಸಲಾಗದು ಎಂದಿತು. ಮರುದಿನದಿಂದಲೇ "ಅಣಬೆ ಡ್ರಗ್ ಅಲ್ಲವಂತೆ" ಎಂಬ ಅರ್ಧ ಸುದ್ದಿ ಹರಿದಾಡಿತು. ಅಲ್ಲಿದ್ದ ಪ್ರಶ್ನೆ ತೂಕದ್ದು. ಅಣಬೆಯ ಪೂರ್ತಿ ತೂಕ ಹಿಡಿಯಬೇಕೋ, ಅದರೊಳಗಿನ ಸಿಲೋಸೈಬಿನ್ ಎಷ್ಟೆಂದು ಅಳೆಯಬೇಕೋ ಎಂಬುದು ಜಾಮೀನಿಗೂ ಶಿಕ್ಷೆಯ ಪ್ರಮಾಣಕ್ಕೂ ಮುಖ್ಯ. ಸಿಲೋಸೈಬಿನ್ ಮಾತ್ರ 1985ರ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿ ಇದ್ದಲ್ಲೇ ಇದೆ. ಇಟ್ಟುಕೊಳ್ಳುವುದು, ಮಾರುವುದು, ಸೇವಿಸುವುದು ಇಂದಿಗೂ ಅಪರಾಧ. ಶಿವರಾತ್ರಿಯ ಭಂಗಿಯನ್ನು ಇದಕ್ಕೆ ಹೋಲಿಸುವವರಿದ್ದಾರೆ. ಗಾಂಜಾ ಗಿಡದ ಹೂತುದಿಯಿಲ್ಲದ ಬರೀ ಎಲೆಯನ್ನು ಕಾಯ್ದೆಯ ವ್ಯಾಖ್ಯೆಯೇ ಹೊರಗಿಟ್ಟಿದೆ. ಸಿಲೋಸೈಬಿನ್‌ಗೆ ಅಂಥ ಬಾಗಿಲು ಇಲ್ಲ. ಹೀಗಾಗಿ ಕೊಡೈಕನಾಲ್‌ನಲ್ಲಾಗಲಿ ಗೋವಾದಲ್ಲಾಗಲಿ "ಕಾನೂನುಬದ್ಧ ಅಣಬೆ ಶಿಬಿರ" ಎಂದು ಯಾರಾದರೂ ಕರೆದರೆ ಅದು ಸುಳ್ಳು.

"ಹೊರದೇಶಕ್ಕೆ ಹೋದರೆ ಆಯಿತಲ್ಲ?" ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಇಲ್ಲಿ ಬಹಳ ಜನ ಓದದ ಒಂದು ಸಾಲಿದೆ. ಎನ್‌ಡಿಪಿಎಸ್ ಕಾಯ್ದೆಯ ಮೊದಲನೆಯ ಕಲಮಿನಲ್ಲೇ, ಇದು ಭಾರತದ ಹೊರಗಿರುವ ಭಾರತೀಯ ನಾಗರಿಕರಿಗೂ ಅನ್ವಯಿಸುತ್ತದೆ ಎಂದು ಬರೆದಿದೆ. ಭಾರತದ ಪಾಸ್‌ಪೋರ್ಟ್ ಹಿಡಿದು ಹೊರಟವರು ಟಿಕೆಟ್ ಕೊಳ್ಳುವ ಮೊದಲು ವಕೀಲರೊಬ್ಬರನ್ನು ಕಾಣಬೇಕಾದದ್ದು ಇದಕ್ಕೇ. ಇನ್ನು ಆ ದೇಶಗಳ ಕಾನೂನೂ ಒಂದೇ ತೆರನಾಗಿಲ್ಲ. ನೆದರ್ಲೆಂಡ್ಸ್ 2008ರ ಡಿಸೆಂಬರ್‌ನಲ್ಲಿ ಅಣಬೆಯನ್ನು ನಿಷೇಧಿಸಿತು. ಅಲ್ಲಿ ಈಗ ಸಿಗುವುದು ಅದೇ ಶಿಲೀಂಧ್ರ ನೆಲದಡಿ ಕಟ್ಟುವ ಗಡ್ಡೆ, ಟ್ರಫಲ್. ನಿಷೇಧದ ಹಿಂದಿನ ವರ್ಷ ಆಮ್‌ಸ್ಟರ್‌ಡಾಮಿನಲ್ಲಿ ಅಣಬೆ ತಿಂದ 17 ವರ್ಷದ ಫ್ರೆಂಚ್ ಹುಡುಗಿಯೊಬ್ಬಳು ಎತ್ತರದಿಂದ ಹಾರಿ ಸತ್ತಿದ್ದೇ ಆ ನಿಷೇಧದ ಚರ್ಚೆಗೆ ಕಿಡಿ ಹಚ್ಚಿತ್ತು.

"ನೈಸರ್ಗಿಕ, ಹಾಗಾಗಿ ಅಪಾಯವಿಲ್ಲ" ಎಂಬುದಕ್ಕೆ ಮದಗುಣಿಕೆ ಕಾಯಿಯನ್ನು ಬಲ್ಲ ನಮ್ಮ ಊರಿನವರು ಸುಮ್ಮನೆ ತಲೆಯಾಡಿಸಬಾರದು. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡು ಅಣಬೆ ತಿಂದು 13 ಜನ ಸತ್ತರು. ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ ಒಳ್ಳೆಯ ಅಣಬೆ, ಹುಳ ತಿಂದಿದ್ದರೆ ಮನುಷ್ಯನೂ ತಿನ್ನಬಹುದು, ಚೆನ್ನಾಗಿ ಕುದಿಸಿದರೆ ವಿಷ ಹೋಗುತ್ತದೆ ಎಂಬ ಮೂರೂ ಮಾತು ಸುಳ್ಳು. ಯಕೃತ್ತನ್ನು ಕೊಲ್ಲುವ ಅಮಟಾಕ್ಸಿನ್ ಕುದಿತಕ್ಕೆ ಜಗ್ಗುವುದಿಲ್ಲ. ತಿಂದು ಆರರಿಂದ ಹನ್ನೆರಡು ತಾಸಿನ ಮೇಲೆ ವಾಂತಿ, ಭೇದಿ ಶುರುವಾಗಿ, ಆಮೇಲೆ ಆರಾಮಾದಂತೆ ಕಾಣುತ್ತದೆ. ಒಳಗೆ ಯಕೃತ್ತು ಕೆಡುತ್ತಿರುವುದು ಆಗಲೇ. ಇದೇ ವಿಷ ಹೊತ್ತ ಗ್ಯಾಲರಿನಾ ಎಂಬ ಕಂದು ಬಣ್ಣದ ಸಣ್ಣ ಅಣಬೆ, ಸಿಲೋಸೈಬಿನ್ ಇರುವ ಕೆಲವು ಅಣಬೆಗಳನ್ನು ಹೋಲುತ್ತದೆ. ಸಗಣಿಯ ಮೇಲೆ ಬೆಳೆದದ್ದೆಲ್ಲ 'ಮ್ಯಾಜಿಕ್' ಎಂದು ಹೊಲದಲ್ಲಿ ಆರಿಸಲು ಹೊರಡುವುದು ಜೀವದ ಜೊತೆ ಆಟ.

ನಿಜ ಹೇಳಬೇಕೆಂದರೆ ಸಿಲೋಸೈಬಿನ್ನೇ ದೇಹಕ್ಕೆ ಭಾರೀ ವಿಷವಲ್ಲ. ಮದ್ಯದಂತೆ, ಅಫೀಮಿನಂತೆ ಚಟ ಹತ್ತಿಸುವ ಗುಣವೂ ಅದಕ್ಕೆ ಕಡಿಮೆ. ಹೆದರಿಸುವ ಭರದಲ್ಲಿ ಇದನ್ನು ಮುಚ್ಚಿಟ್ಟರೆ ಹುಡುಗರು ಉಳಿದ ಮಾತನ್ನೂ ನಂಬುವುದಿಲ್ಲ. ಸ್ವಿಸ್ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1958ರಲ್ಲಿ ಅಣಬೆಯಿಂದ ಬೇರ್ಪಡಿಸಿದ ಈ ವಸ್ತುವನ್ನು ಇಂದು ಖಿನ್ನತೆಯ ಔಷಧಿಯಾಗಿ ಗಂಭೀರವಾಗಿಯೇ ಪರೀಕ್ಷಿಸಲಾಗುತ್ತಿದೆ. 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಬೇರೆ ಔಷಧಿಗೆ ಬಗ್ಗದ ಖಿನ್ನತೆಯ 233 ಜನರಿದ್ದರು. 25 ಮಿಲಿಗ್ರಾಂ ಒಮ್ಮೆ ಪಡೆದವರಲ್ಲಿ ಮೂರು ವಾರದ ಹೊತ್ತಿಗೆ ಖಿನ್ನತೆಯ ಅಂಕ ಸರಾಸರಿ 12ರಷ್ಟು ಇಳಿಯಿತು, 1 ಮಿಲಿಗ್ರಾಂ ಪಡೆದವರಲ್ಲಿ 5.4ರಷ್ಟು. ಆಸೆ ಹುಟ್ಟಿಸುವ ಫಲಿತಾಂಶವೇ. ಅದೇ ವರದಿಯಲ್ಲಿ ನೂರಕ್ಕೆ 77 ಜನರಿಗೆ ತಲೆನೋವು, ವಾಕರಿಕೆ, ತಲೆಸುತ್ತಿನಂಥ ತೊಂದರೆ ಆಗಿದ್ದೂ ಇದೆ. ಆತ್ಮಹತ್ಯೆಯ ಯೋಚನೆ ಅಥವಾ ಸ್ವಯಂ ಗಾಯದ ಪ್ರಕರಣಗಳು ಪ್ರಯೋಗದ ಎಲ್ಲ ಗುಂಪುಗಳಲ್ಲೂ ಕಂಡದ್ದೂ ಇದೆ. ಜಾಹೀರಾತಿನಲ್ಲಿ ಮೊದಲರ್ಧ ಮಾತ್ರ ಬರುತ್ತದೆ.

ಆಸ್ಟ್ರೇಲಿಯಾ 2023ರ ಜುಲೈ 1ರಿಂದ ಅಧಿಕೃತ ಮನೋವೈದ್ಯರಿಗೆ ಮಾತ್ರ ಇದನ್ನು ಬರೆಯಲು ಅನುಮತಿ ಕೊಟ್ಟಿದೆ. ಅಮೆರಿಕದ ಓರೆಗನ್ ರಾಜ್ಯ 2020ರಲ್ಲಿ ಜನಮತದಿಂದ ಒಪ್ಪಿ, 2023ರಲ್ಲಿ ಪರವಾನಗಿ ಪಡೆದ ಕೇಂದ್ರಗಳನ್ನು ತೆರೆಯಿತು. 21 ವರ್ಷ ತುಂಬಿರಬೇಕು, ಮೊದಲೊಂದು ಸಿದ್ಧತಾ ಭೇಟಿ ಆಗಲೇಬೇಕು. ಅಲ್ಲಿಯ ಮಾರ್ಗದರ್ಶಕರು ತರಬೇತಿ ಪಡೆದವರು ಹೌದು, ವೈದ್ಯರೇ ಆಗಿರಬೇಕೆಂಬ ನಿಯಮವಿಲ್ಲ. ಜಮೈಕಾದಲ್ಲಿ ಅಣಬೆ ಎಂದೂ ನಿಷಿದ್ಧವಾಗಿರಲಿಲ್ಲ. ನಿಯಮ ಹೀಗೆ ದೇಶಕ್ಕೊಂದು ಬಗೆ. ಹಾಗಾಗಿ 'ಗೈಡ್' ಎಂಬ ಒಂದೇ ಹೆಸರಿನಡಿ ಇಪ್ಪತ್ತು ವರ್ಷದ ಅನುಭವಿ ನರ್ಸ್ ಇರಬಹುದು, ಕಳೆದ ವರ್ಷ ತಾನೇ ಶಿಬಿರಾರ್ಥಿಯಾಗಿದ್ದವನೂ ಇರಬಹುದು. ಹೊರಡುವ ಮೊದಲು ಶಿಬಿರದವರನ್ನು ಕೇಳಬೇಕು: ಯಾರಿಗಾದರೂ ಫಿಟ್ಸ್ ಬಂದರೆ ಹತ್ತಿರದ ಆಸ್ಪತ್ರೆ ಎಷ್ಟು ದೂರ, ರಾತ್ರಿ ಪಕ್ಕದಲ್ಲಿ ಯಾರಿರುತ್ತಾರೆ, ಮೈ ಮುಟ್ಟುವ ಬಗ್ಗೆ ನಿಯಮವೇನು, ಎಂಥವರನ್ನು ವಾಪಸ್ ಕಳಿಸುತ್ತೀರಿ? ಕೊನೆಯ ಪ್ರಶ್ನೆಗೆ "ಯಾರನ್ನೂ ಇಲ್ಲ" ಎಂಬ ಉತ್ತರ ಬಂದರೆ ಅಲ್ಲಿಗೆ ಹೋಗಬಾರದು.

ಸಿದ್ಧತೆ ಎಂದರೆ ಉಪವಾಸ, ಉಪ್ಪು–ಖಾರ ಬಿಡುವುದು, ಒಂದು ವಾರ ಧ್ಯಾನ ಎಂದು ತಿಳಿದವರೂ ಬಹಳ. ಹಳೆಯ ಚೀಸ್, ಹುದುಗು ಬರಿಸಿದ ಪದಾರ್ಥ ಬಿಡಬೇಕೆಂಬ ಪಥ್ಯ ಆಯಾಹುವಾಸ್ಕಾ ಎಂಬ ದಕ್ಷಿಣ ಅಮೆರಿಕದ ಕಷಾಯಕ್ಕೆ ಸೇರಿದ್ದು. ಆ ಕಷಾಯದಲ್ಲಿರುವ ಬೇರೊಂದು ವಸ್ತುವಿನಿಂದ ರಕ್ತದೊತ್ತಡ ಏರುವ ಭಯವಿದೆ. ಅಣಬೆಗೆ ಆ ಪಥ್ಯ ಹೊಂದುವುದಿಲ್ಲ. ಇಲ್ಲಿ ನೋಡಬೇಕಾದದ್ದು ಅಡುಗೆಮನೆಯನ್ನಲ್ಲ, ಔಷಧಿಯ ಡಬ್ಬಿಯನ್ನು. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ನುಂಗುತ್ತಿರುವವರ ಮಟ್ಟಿಗೆ ಇದು ಪ್ರಾಣದ ಪ್ರಶ್ನೆ. ಲಿಥಿಯಂ ಜೊತೆ ಇಂಥ ವಸ್ತು ಸೇವಿಸಿದವರು ತಾವೇ ಬರೆದುಕೊಂಡ 62 ಅನುಭವಗಳನ್ನು 2021ರಲ್ಲಿ ಸಂಶೋಧಕರು ಪರಿಶೀಲಿಸಿದಾಗ, ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಫಿಟ್ಸ್ ಬಂದದ್ದು ಕಂಡಿತು. ಕಳೆದ 30 ದಿನದಲ್ಲಿ ಲಿಥಿಯಂ ತೆಗೆದುಕೊಂಡವರನ್ನು ಓರೆಗನ್ನಿನ ಕೇಂದ್ರಗಳು ಒಳಗೇ ಬಿಡುವುದಿಲ್ಲ. ಹಾಗೆಂದು ಶಿಬಿರಕ್ಕಾಗಿ ಖಿನ್ನತೆಯ ಮಾತ್ರೆಯನ್ನು ತಾನೇ ದಿಢೀರನೆ ನಿಲ್ಲಿಸುವುದು ಇನ್ನೊಂದು ಅನಾಹುತ. ನಿಲ್ಲಿಸಿದ ವಾರಗಳಲ್ಲೇ ರೋಗ ಮರುಕಳಿಸಬಹುದು. ಆ ನಿರ್ಧಾರ ಬರೆದುಕೊಟ್ಟ ವೈದ್ಯರದು.

ವಾತಾವರಣದ ಮಾತೂ ಇದೆ. ರವಿವಾರ ಮಧ್ಯಾಹ್ನ ಗೋಳಗುಮ್ಮಟದ ಗ್ಯಾಲರಿಯಲ್ಲಿ ಕೂಗಾಟವೇ ಮರಳಿ ಬಂದು ತಲೆ ಚಿಟ್ಟು ಹಿಡಿಯುತ್ತದೆ. ನಸುಕಿನಲ್ಲಿ ಹೋದರೆ ಅದೇ ಗೋಡೆ ಪಿಸುಮಾತನ್ನು ಆಚೆ ಬದಿಗೆ ತಲುಪಿಸುತ್ತದೆ. ಸಿಲೋಸೈಬಿನ್ ಕೂಡ ಮನಸ್ಸಿನಲ್ಲಿದ್ದದ್ದನ್ನೇ ದೊಡ್ಡದು ಮಾಡುತ್ತದೆ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಆ ದಿನಕ್ಕೆ ಮೊದಲೇ ಹಲವು ತಾಸು ಮಾತುಕತೆ ನಡೆಸಿ, ಜೊತೆಗೆ ಕೂರುವವರ ಮೇಲೆ ನಂಬಿಕೆ ಬರಿಸಿ, ಆಮೇಲೆ ಕಣ್ಣಿಗೆ ಪಟ್ಟಿ ಕಟ್ಟಿ ಸಂಗೀತ ಹಚ್ಚುತ್ತಾರೆ. ಅಂಥ ಆಸರೆ ಇಲ್ಲದಿದ್ದರೆ? ಕೆಟ್ಟ ಅನುಭವವಾದ 1,993 ಜನರನ್ನು ಅಲ್ಲಿಯ ಸಂಶೋಧಕರೇ ಕೇಳಿದಾಗ, ನೂರಕ್ಕೆ 11 ಜನ ತಮಗೋ ಬೇರೆಯವರಿಗೋ ದೈಹಿಕ ಅಪಾಯ ತಂದುಕೊಂಡಿದ್ದಾಗಿ ಹೇಳಿದರು.

"ಇದೆಲ್ಲ ನಮ್ಮ ಋಷಿಗಳ ಸೋಮರಸವೇ" ಎಂಬ ವಾದವನ್ನು ಬೇಗ ಮುಗಿಸಬಹುದು. 1968ರಲ್ಲಿ ಅಣಬೆಗಳ ಅಧ್ಯಯನಕಾರ ಗಾರ್ಡನ್ ವಾಸನ್ ಸೋಮವೆಂದರೆ ಅಣಬೆ ಎಂದು ವಾದಿಸಿದ್ದು ನಿಜ. ಆದರೆ ಅವರು ತೋರಿಸಿದ್ದು ಬಿಳಿ ಚುಕ್ಕಿಯ ಕೆಂಪು ಅಮಾನಿಟಾವನ್ನು. ಅದರಲ್ಲಿ ಸಿಲೋಸೈಬಿನ್ ಇಲ್ಲ. ಆ ವಾದವನ್ನೂ ವಿದ್ವಾಂಸರೆಲ್ಲ ಒಪ್ಪಿಲ್ಲ.

ಇನ್ನು ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ: "ನನಗೇನೂ ಹುಚ್ಚಿಲ್ಲ, ಹಾಗಾಗಿ ನನಗೇನೂ ಆಗುವುದಿಲ್ಲ."

ಪ್ರಯೋಗಗಳಲ್ಲಿ ಕೇಳುವುದು ಒಬ್ಬನ ಆರೋಗ್ಯವನ್ನಷ್ಟೇ ಅಲ್ಲ. ತಂದೆ, ತಾಯಿ, ಒಡಹುಟ್ಟಿದವರಲ್ಲಿ, ಎಷ್ಟೋ ಕಡೆ ಹತ್ತಿರದ ಬಂಧುಗಳಲ್ಲೂ ಯಾರಿಗಾದರೂ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಇತ್ತೇ ಎಂದು ಕೇಳುತ್ತಾರೆ. ಇದ್ದರೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಅಂಥವರಲ್ಲಿ ಸುಪ್ತವಾಗಿದ್ದ ಕಾಯಿಲೆ ಎದ್ದು ಕೂರಬಹುದೆಂಬ ಆತಂಕ. ಶಿಬಿರದ ಫಾರ್ಮಿನಲ್ಲಿ ಇದೇ ಪ್ರಶ್ನೆ ಬಂದರೆ ನಮ್ಮ ಭಾಗದ ಹುಡುಗ "ಇಲ್ಲ" ಎಂದು ಬರೆಯುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವನಿಗೆ ಯಾರೂ ಹೇಳಿಲ್ಲ. ಕಾಕಾನಿಗೆ 'ಗಾಳಿ ಸೋಕಿತ್ತು', ಸೋದರತ್ತೆಯ 'ಮೈಯಾಗ ಬರತಿತ್ತು', ದೊಡ್ಡಪ್ಪ 'ವೈರಾಗ್ಯ ಬಂದು ಮನಿ ಬಿಟ್ಟಿದ್ದ'. ಗುಡಿಗೂ ದರ್ಗಾಕ್ಕೂ ಒಯ್ದರು, ತಾಯತ ಕಟ್ಟಿಸಿದರು. ಮನೆಯ ಹೆಣ್ಣುಮಕ್ಕಳ ಲಗ್ನಕ್ಕೆ ಅಡ್ಡಿಯಾದೀತೆಂದು ಆ ಮಾತನ್ನೇ ಹೂತರು. ವೈದ್ಯರ ಚೀಟಿ ಇಲ್ಲದ ಕಾಯಿಲೆ ಯಾವ ಫಾರ್ಮಿಗೂ ಹತ್ತುವುದಿಲ್ಲ.

ಹೂತಿಟ್ಟ ಆ ಮಾತನ್ನು ಹೊರತೆಗೆಯಲು ಜಮೈಕಾಕ್ಕೆ ಹೋಗಬೇಕಿಲ್ಲ. ರಾಷ್ಟ್ರೀಯ ಸಹಾಯವಾಣಿ ಟೆಲಿ–ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯ ಸೇವೆಯ ವ್ಯವಸ್ಥೆ ಇದೆ. ವಿಜಯಪುರದಲ್ಲೇ ವೈದ್ಯಕೀಯ ಕಾಲೇಜು ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹತ್ತಾರು ವರ್ಷದ ಪರೀಕ್ಷೆ ದಾಟಿ ಬಂದ ಚಿಕಿತ್ಸೆಗಳು ಅಲ್ಲಿ ಕಾನೂನಿನ ಭಯವಿಲ್ಲದೆ ಸಿಗುತ್ತವೆ. ಒಂದು ಮಾತ್ರೆ ಒಗ್ಗದಿದ್ದರೆ ಇನ್ನೊಂದಿದೆ.

ವೈದ್ಯರ ಮುಂದೆ ಕೂರುವ ಮೊದಲು ಮನೆಯಲ್ಲಿ ಒಂದು ಸಂಜೆ ಬೇಕು. ಆಯಿ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿರುವಾಗ ಪಕ್ಕದಲ್ಲಿ ಕೂತು, "ಆಯಿ, ದೊಡ್ಡಪ್ಪ ಮನಿ ಬಿಡೂಕಿಂತ ಮೊದ್ಲ ಹ್ಯಾಂಗಿದ್ದ?" ಎಂದು ಕೇಳಬೇಕು. ಅವಳು ತಕ್ಷಣ ಹೇಳಲಿಕ್ಕಿಲ್ಲ. ಇನ್ನೊಂದು ರೊಟ್ಟಿ ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ ಹಾಕುವಾಗ ಬಾಯಿ ಬಿಟ್ಟಾಳು: "ರಾತ್ರಿಯೆಲ್ಲ ನಿದ್ದಿ ಮಾಡತಿದ್ದಿಲ್ಲಪ್ಪಾ. ಯಾರೋ ಕರೀಲಿಕ್ಕತ್ತಾರ ಅಂತ ಒಬ್ಬಾಂವನ ಮಾತಾಡತಿದ್ದ. ಆಗ ಅವಗ ಇಪ್ಪತ್ತೆರಡು."