ಬೇಸರ ಮೊದಲೋ, ಭ್ರಮೆ ಮೊದಲೋ?



ನಾನು ಡಾಕ್ಟರಲ್ಲ, ಚಾರ್ಟರ್ಡ್ ಅಕೌಂಟೆಂಟ್. ಆದರೂ ಈ ವಿಷಯ ಮಾತಾಡಲು ಒಪ್ಪಿದೆ. ಯಾಕೆಂದರೆ ಒಮ್ಮೆ ಗೆಳೆಯನೊಬ್ಬನ ಕಾಯಿಲೆಯನ್ನು ಲೆಕ್ಕದ ಗೊಂದಲ ಅಂದುಕೊಂಡು ಮೂರು ವಾರ ಹಾಳು ಮಾಡಿದವನು ನಾನು.

ಇಲ್ಲೇ ಮನಾಮದಲ್ಲಿ ಒಂದು ಸಂಜೆ ಬಂದು, "ಸರ್, ನಾನು ದಿವಾಳಿಯಾದೆ, ಊರಿನ ಮನೆ ಜಪ್ತಿ ಆಗತ್ತೆ" ಅಂದ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದೆ. ಸಾಲವಿಲ್ಲ, ಉಳಿತಾಯ ಇದೆ. ಫಿಲ್ಸ್ ಮಟ್ಟಕ್ಕೂ ತಾಳೆ ಹಾಕಿ ತೋರಿಸಿದೆ. "ನನಗೆ ಬೇಜಾರಾಗಬಾರದು ಅಂತ ನೀವೇ ಹೀಗೆ ಬರೆಸಿದ್ದೀರಿ" ಅಂದ. ಪುರಾವೆಗೆ ಅಲುಗದ ಇಂಥ ತಪ್ಪು ನಂಬಿಕೆಯನ್ನೇ ವೈದ್ಯರು ಭ್ರಮೆ ಎನ್ನುತ್ತಾರೆ. ನಾನು ಮಾತ್ರ ಮತ್ತೆ ಮತ್ತೆ ಲೆಕ್ಕ ತೋರಿಸುತ್ತಲೇ ಇದ್ದೆ!

ಕೊನೆಗೆ ಕರೆದುಕೊಂಡು ಹೋದಾಗ ಮನೋವೈದ್ಯರು ದುಡ್ಡಿನ ಮಾತೇ ಎತ್ತಲಿಲ್ಲ. "ಬೇಸರ ಮೊದಲು ಶುರುವಾಯಿತೋ, ದಿವಾಳಿಯ ಮಾತೋ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ರೂಮ್‌ಮೇಟ್‌ಗೆ ಗೊತ್ತಿತ್ತು: ಎರಡು ತಿಂಗಳಿಂದ ಸರಿಯಾಗಿ ಊಟವಿಲ್ಲ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ದಿವಾಳಿಯ ಮಾತು ಬಂದದ್ದು ಆಮೇಲೆ.

ತೀವ್ರ ಖಿನ್ನತೆಯಲ್ಲಿ ಹೀಗಾಗಬಹುದು. ದಿವಾಳಿಯಾದೆ, ಮಹಾಪಾಪ ಮಾಡಿದೆ, ಕರುಳೇ ಕೊಳೆತಿದೆ ಎಂಬ ನಂಬಿಕೆಗಳು ಬರುತ್ತವೆ. ಉನ್ಮಾದದಲ್ಲಾದರೆ ಉಲ್ಟಾ, ತಾನೇ ಕೋಟ್ಯಧಿಪತಿ. ಇವೆರಡರಲ್ಲೂ ಭ್ರಮೆ ಮನಸ್ಥಿತಿಯ ಜೊತೆಗೇ ಏರಿ, ಜೊತೆಗೇ ಇಳಿಯುತ್ತದೆ. ಡೆಲ್ಯೂಷನಲ್ ಡಿಸಾರ್ಡರ್ ಬೇರೆ. ಹೆಂಡತಿಯ ಮೇಲಿನ ಸಂಶಯವೋ, ಯಾರೋ ಹಿಂಬಾಲಿಸುತ್ತಾರೆ ಎಂಬುದೋ, ಕನಿಷ್ಠ ಒಂದು ತಿಂಗಳು ಗಟ್ಟಿಯಾಗಿ ನಿಂತಿರುತ್ತದೆ. ಡ್ಯೂಟಿ, ಮಾತುಕತೆ ಹೆಚ್ಚುಕಡಿಮೆ ಸರಿಯಾಗೇ ಇರುತ್ತವೆ. ಅವರಿಗೂ ಖಿನ್ನತೆ ಬರಬಹುದು, ಆದರೆ ಭ್ರಮೆಯ ಅವಧಿಯ ಮುಂದೆ ಅದು ಚಿಕ್ಕದು. ನಡುವೆ ಸ್ಕಿಜೋಅಫೆಕ್ಟಿವ್ ಎಂಬುದೊಂದಿದೆ: ಮನಸ್ಥಿತಿಯ ಏರುಪೇರು ಬಹುಕಾಲ ಇದ್ದರೂ, ಅದಿಲ್ಲದೆ ಎರಡು ವಾರವಾದರೂ ಭ್ರಮೆ ಅಥವಾ ಇಲ್ಲದ ದನಿ ಕೇಳಿಸುವುದು ಉಳಿದಿರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕ್ಲೋಸಿಂಗ್ ಬ್ಯಾಲೆನ್ಸ್ ಒಂದೇ; ಎಂಟ್ರಿಗಳ ತಾರೀಖು ನೋಡಬೇಕು.

ತಾರೀಖು ತಪ್ಪಿದರೆ ಔಷಧಿಯೂ ತಪ್ಪಬಹುದು. ಭ್ರಮೆ ಕೂಡಿದ ಖಿನ್ನತೆಗೆ ಸಾಮಾನ್ಯವಾಗಿ ಎರಡು ಬಗೆಯ ಔಷಧಿ ಒಟ್ಟಿಗೆ ಬೇಕು, ಕೆಲವೊಮ್ಮೆ ಇಸಿಟಿ. ಆತ್ಮಹತ್ಯೆಯ ಅಪಾಯವೂ ಅದರಲ್ಲಿ ಹೆಚ್ಚು. ಗೆಳೆಯ ಚೇತರಿಸಿಕೊಂಡ; ಈಗ ಸ್ಟೇಟ್‌ಮೆಂಟ್ ನೋಡಿ ಬ್ಯಾಂಕ್ ಚಾರ್ಜ್ ಯಾಕೆ ಹಿಡಿದರು ಅಂತ ನನ್ನ ಜೊತೆ ಜಗಳವಾಡುತ್ತಾನೆ.

ವಾಟ್ಸಾಪ್‌ನಲ್ಲಿ ಊರಿಗೆ "ಎಲ್ಲ ಚೆನ್ನಾಗಿದೆ" ಅನ್ನುವವರು ನಾವು. ನಿದ್ದೆ ಕೆಟ್ಟದ್ದು ಗೊತ್ತಾಗುವುದು ಪಕ್ಕದ ಮಂಚದವನಿಗೆ. ವಾದ ಮಾಡಬೇಡಿ, ಹೌದೆನ್ನಲೂ ಬೇಡಿ. ಯಾವಾಗಿನಿಂದ ಏನಾಯಿತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಜೊತೆಗೆ ಹೋಗಿ. ಬಹ್ರೇನಿನಲ್ಲಿ ಮಾನಸಿಕ ಆಸ್ಪತ್ರೆ 1932ರಿಂದಲೇ ಇದೆ. ಜೀವಕ್ಕೆ ಅಪಾಯವೆನಿಸಿದರೆ 999. ಊರಲ್ಲಿರುವ ಮನೆಯವರು ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.