ಬೆಳೆಗೆ ಬೇಡಾದ ಕರಲು ಮಾಳಿಗೆಗೆ ಬೇಕು

ಮಲೆನಾಡಿನ ಕೃಷಿಕರು ನಮ್ಮ ಹಿರಿಯೂರು ಸೀಮೆಗೆ ಬಂದರೆ ಮೊದಲು ಕೇಳೋದು ಮನೆಯ ವಿಚಾರ. "ಇಳಿಜಾರಿಲ್ಲ, ಹೆಂಚಿಲ್ಲ, ಮೇಲೆ ಬರೀ ಮಣ್ಣು. ಸೋರೋದಿಲ್ವೇ?"

ಆಗುಂಬೆ ಕಡೆ ಮಳೆ ಜೋರು ಹಿಡಿದರೆ ವಾರ ಹತ್ತು ದಿನದಲ್ಲಿ ಬೀಳುವಷ್ಟು ನಮಗೆ ಇಡೀ ವರ್ಷಕ್ಕೆ. 500 ಮಿ.ಮೀ. ಆಸುಪಾಸು. ಇಂಥ ಕಡೆ ಸೂರು ಇಳಿಜಾರು ಮಾಡಿದರೆ ಶೇಂಗಾ, ಹುಣಸೆಹಣ್ಣು ಒಣಗಿಸೋದೆಲ್ಲಿ? ಬೇಸಿಗೆಯಲ್ಲಿ ಮಲಗೋದೆಲ್ಲಿ? ಅದಕ್ಕೇ ಮಾಳಿಗೆ.

ಎರಡಡಿ ದಪ್ಪದ ಮಣ್ಣಿನ ಗೋಡೆ, ಕಂಬ, ತೊಲೆ, ಜಂತೆ. ಜಂತೆಯ ಮೇಲೆ ಬಂದ್ರೆ, ತಂಗಡಿ ಕಡ್ಡಿ ಒತ್ತಾಗಿ ಹಾಸಿ, ಕೆಸರು ಮೆತ್ತಿ, ಎಲ್ಲಕ್ಕಿಂತ ಮೇಲೆ ಕರಲು ಮಣ್ಣು. ಕೆಲವು ಕಡೆ ಚೌಳು ಅಂತಾರೆ. ಈ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ನೀರು ತಾಗಿದರೆ ಕಣಗಳು ಬಿಡಿಬಿಡಿಯಾಗಿ ಉಬ್ಬಿ ಸಂದುಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ಇದೇ ರೋಗ. ಬಿದ್ದ ಮಳೆ ಬೇರಿಗೆ ಇಳಿಯಲ್ಲ, ಜಿಪ್ಸಂ ಹಾಕಿ ಒದ್ದಾಡಬೇಕು. ಮಾಳಿಗೆಯ ಮೇಲೆ ಅದೇ ಗುಣ ಮನೆ ಕಾಯುತ್ತೆ. ನಮ್ಮ ಹಿರಿಯರು ಸೋಡಿಯಂ ಹೆಸರು ಕೇಳಿದವರಲ್ಲ, ಆದರೆ ಯಾವ ಹೊಲದಲ್ಲಿ ನೀರು ನಿಂತು ಬೆಳ್ಳಗೆ ಒಣಗುತ್ತೆ ಅಂತ ನೋಡಿಟ್ಟಿದ್ದರು.

ಗೋಡೆಗೆ ಮಣ್ಣು ಕೆರೆಯಂಗಳದ್ದು. ಮನೆ ಎದ್ದಷ್ಟೂ ಕೆರೆ ಆಳವಾಗ್ತಿತ್ತು. ಗೋಡೆ ಬಿದ್ದರೆ ಆ ಹಾಳುಮಣ್ಣು ಗೊಬ್ಬರವಾಗಿ ಹೊಲಕ್ಕೆ. ಈಗ ಇಟ್ಟಿಗೆ, ಸಿಮೆಂಟು ಲಾರಿಯಲ್ಲಿ ಬರ್ತವೆ. ಕೆರೆಯ ಹೂಳು ಕೆರೆಯಲ್ಲೇ.

ಮಾಳಿಗೆಗೆ ಆರೈಕೆ ಬೇಕು, ಸುಳ್ಳು ಹೇಳಬಾರದು. ಮುಂಗಾರಿಗೆ ಮುಂಚೆ ಹುಲ್ಲು ಕಿತ್ತು, ಇಲಿ ಬಿಲ ಮುಚ್ಚಿ, ಹೊಸ ಕರಲು ಹರಡಬೇಕು. ಹಳೇದನ್ನು ಕೆರೆಯದೆ ವರ್ಷ ವರ್ಷ ಮೇಲೇರಿಸಿದರೆ ಭಾರಕ್ಕೆ ಜಂತೆ ಮುರಿಯುತ್ತೆ. ದಿನಗಟ್ಟಲೆ ಹಿಡಿಯುವ ಜಡಿಮಳೆಗೆ ಇದು ಹೆದರುತ್ತೆ, ಅಷ್ಟು ಮಳೆಯ ಲೆಕ್ಕದಲ್ಲಿ ಕಟ್ಟಿದ್ದೇ ಅಲ್ಲ.

2022ರಲ್ಲಿ ಅಂಥ ಮಳೆಯೇ ಬಂತು. 1907ರಲ್ಲಿ ಕಟ್ಟಿ ಮುಗಿಸಿದ ನಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರ ನಂತರ ಮೊದಲ ಸಲ ಕೋಡಿ ಬಿತ್ತು. ನಮ್ಮೂರಲ್ಲೂ ಮನೆಗಳು ಬಿದ್ದವು. "ಮಣ್ಣಿನ ಮನೆ, ಬೀಳದೆ ಇನ್ನೇನು" ಅಂದರು ಎಲ್ಲರೂ. ನಾನು ಓಣಿ ಓಣಿ ತಿರುಗಿ ನೋಡಿದೆ. ಹೆಚ್ಚಿನವು ಮೇಲಿನಿಂದ ಬಿದ್ದವಲ್ಲ, ಬುಡ ನೆನೆದು ಕುಸಿದವು. ಸಿಮೆಂಟ್ ರಸ್ತೆ ಮಾಡುವವರು ಹಳೇದರ ಮೇಲೇ ಹೊಸದು ಹಾಕಿ ಹಾಕಿ, ರಸ್ತೆ ನಮ್ಮ ಹೊಸಲಿಗಿಂತ ಮೇಲೆ ಬಂದಿದೆ. ನೀರು ಗೋಡೆ ಬುಡಕ್ಕೇ ಬಂದು ನಿಲ್ಲುತ್ತೆ.

ಇದಕ್ಕೆ ಆರ್‌ಸಿಸಿ ಮನೆಗಳ ನೀರೂ ಸೇರುತ್ತೆ. ಮಾಳಿಗೆ ಮೊದಲ ಹದ ಮಳೆಯನ್ನು ತಾನೇ ಕುಡಿಯುತ್ತೆ. ಆರ್‌ಸಿಸಿ ಅಷ್ಟನ್ನೂ ಕೆಳಗೆ ಬಿಡುತ್ತೆ. 600 ಚದರಡಿ ಸೂರು, 500 ಮಿ.ಮೀ. ಮಳೆ ಅಂದರೆ ಸುಮಾರು 28,000 ಲೀಟರ್ ನೀರು, ಒಂದು ಮನೆಯದು. ಇಂಥ ಮನೆಗಳ ನೀರೆಲ್ಲ ಸಿಮೆಂಟ್ ರಸ್ತೆಯಲ್ಲಿ ಜಾರಿ ಊರ ಕೆಳಗಿನ ಹೊಲಗಳಿಗೆ ನುಗ್ಗಿ ಕೊರಕಲು ಮಾಡಿದೆ. ನನ್ನ ರಾಗಿ ಹೊಲದಲ್ಲೇ ಮೊಣಕಾಲುದ್ದದ ಕೊರಕಲು ಬಿದ್ದಿದೆ.

ನನ್ನ ಮಗ ಎಲ್ಲ ಕೆಡವಿ ಆರ್‌ಸಿಸಿ ಹಾಕೋಣ ಅಂತ ಹಟ ಹಿಡಿದ. ಅವನ ಮಾತೂ ತೆಗೆದುಹಾಕುವಂಥದ್ದಲ್ಲ. ವರ್ಷ ವರ್ಷ ಮಣ್ಣು ಹೊರೋರು ಯಾರು? ಕೊನೆಗೆ ಮುಂದೆ ಎರಡು ಕೋಣೆ ಆರ್‌ಸಿಸಿ ಆಯ್ತು, ಹಿಂದಿನ ಮೂರು ಅಂಕಣ ಮಾಳಿಗೆಯೇ ಉಳೀತು. ಕೋಣೆಯ ನೀರು ಪೈಪಿನಲ್ಲಿ ಹಿತ್ತಲ ಗುಂಡಿಗೆ ಹೋಗುತ್ತೆ, ಬೀದಿಗಿಲ್ಲ. ಹಳೇ ಗೋಡೆಯ ಬುಡಕ್ಕೆ ಎರಡಡಿ ಎತ್ತರ ಚಪ್ಪಡಿ ನಿಲ್ಲಿಸಿ, ಪಕ್ಕದಲ್ಲಿ ಚರಂಡಿ ತೆಗೆದೆವು. 2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು, ಗೋಡೆ ಅಲುಗಿಲ್ಲ. ಬಿಸಿಲುಗಾಲದ ಮಧ್ಯಾಹ್ನ ಮಗ ಊಟ ಮುಗಿಸಿ ಚಾಪೆ ಹಿಡಕೊಂಡು ಮಾಳಿಗೆ ಕಡೆಗೇ ಬರ್ತಾನೆ.

ಕರಲು ಹೊರುವ ಆಳು ಸಿಗಲ್ಲ ಅಂತ ಈ ಸಲ ನಮ್ಮ ಓಣಿಯ ಮೂರು ಮನೆಯವರು ಸೇರಿ ಒಂದು ಟ್ರೇಲರ್ ತಂದು ಹಂಚಿಕೊಂಡೆವು. ಮಣ್ಣು ಕೊಟ್ಟವರು ದುಡ್ಡು ಕೇಳಲಿಲ್ಲ. ಆ ಜಾಗದಲ್ಲಿ ಅವರಿಗೆ ಸಜ್ಜೆಯೂ ಹುಟ್ಟಲ್ಲ.